ರೋಲರ್ ಬರುವ ಮೊದಲೇ ಹಳಿ ಹುಡುಕಿದ ಭಾನುಮತಿಬಾಯಿಯವರು

ನೆಲವನ್ನು ಅಗೆಯುವ ಮೊದಲೇ ಅದರೊಳಗೇನಿದೆಯೆಂದು ಅಳೆದು ಹೇಳುವ ಸರ್ವೆ ಕೆಲಸದಲ್ಲಿ, ನಾಗಪುರದ ಮಟ್ಟಿಗೆ ಮೊದಲು ನೆನಪಾಗುವ ಹೆಸರು ಶ್ರೀಮತಿ ಭಾನುಮತಿಬಾಯಿಯವರದು. ಧಾರವಾಡದಿಂದ ವರ್ಗವಾಗಿ ಬಂದು, ಪುರಾತತ್ತ್ವ ಸರ್ವೆಯಲ್ಲಿ ದೀರ್ಘ ಸೇವೆ ಸಲ್ಲಿಸಿ ನಿವೃತ್ತರಾಗುತ್ತಿರುವ ಇವರ ಬಗ್ಗೆ ಬರೆಯಲು, ಸಂಜೆ ತರಗತಿಯಲ್ಲಿ ನಕ್ಷೆ ಬರೆಯಲು ಕಲಿತ ನಾನು ಎಷ್ಟು ಅರ್ಹನೋ ತಿಳಿಯದು. ಆದರೆ ೧೯೮೪ರ ಆ ಒಂದು ದಿನವನ್ನು ನೆನೆದರೆ ಇಂದಿಗೂ ಕೂತಲ್ಲಿ ಕೂರಲಾಗುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ತರಗತಿಗೆ ತಡವಾದೀತೆಂದು ನನ್ನ ಕೈಯಿಂದ ಟೇಪು ಕಸಿದುಕೊಂಡು ಉಳಿದ ಅಳತೆಯನ್ನು ತಾವೇ ಮುಗಿಸುತ್ತಿದ್ದರು. ಪರೀಕ್ಷೆಯ ದಿನ ತಮ್ಮ ಡಬ್ಬಿಯ ರೊಟ್ಟಿಯನ್ನೇ ನನ್ನ ಚೀಲಕ್ಕೆ ಹಾಕಿದ್ದರು. ಒಂದು ವಿಷಯದಲ್ಲಿ ಮಾತ್ರ ರಿಯಾಯಿತಿಯಿಲ್ಲ: ಯಾವ ಅಳತೆಯನ್ನಾದರೂ ಎರಡು ಸಲ ನೋಡಲೇಬೇಕು.

ನಾಗಪುರದ ಹಳೆಯ ಪೇಟೆಯಾದ ಮಹಾಲಿನ ಅಂಚಿನ ಒಂದು ರಸ್ತೆಯಲ್ಲಿ ಹಿಂದೆ ಹತ್ತಿ ಕಾರ್ಖಾನೆಯ ಕುದುರೆ ಟ್ರಾಮ್ ಓಡುತ್ತಿತ್ತಂತೆ. ಅದರ ಹಳಿಗಳನ್ನು ಎಂದೋ ಕಿತ್ತು ಮಾರಿದ್ದಾರೆಂದು ಎಲ್ಲರ ನಂಬಿಕೆ. ಇಲ್ಲ, ಕೆಳಗೇ ಇವೆ ಎಂದು ಬಾಯಿಯವರ ವಾದ. ಹೊಸ ಡಾಂಬರು ಬೀಳುವ ಮುನ್ನ, ಸಂಜೆಯೊಳಗೆ, ಒಂದೇ ಒಂದು ಗುಂಡಿ ತೋಡಲು ಅನುಮತಿ ಸಿಕ್ಕಿತ್ತು. ಗುಂಡಿ ಬರಿದಾದರೆ ಅವರ ವಾದವೂ ಡಾಂಬರಿನಡಿ ಸೇರುತ್ತಿತ್ತು.

ಕೆಳಗೆ ಕಬ್ಬಿಣವಿದ್ದರೆ ದಿಕ್ಸೂಚಿಯ ಮುಳ್ಳು ವಾಲುತ್ತದೆ. ಬೆಳಿಗ್ಗೆ ಪಾನ್ ಅಂಗಡಿಯೆದುರು ನಾನು ಹಿಡಿದಿದ್ದ ಮುಳ್ಳು ಸರ್ರನೆ ತಿರುಗಿತು! ಕುಣಿದಾಡುತ್ತಲೇ ಗೂಟ ಹೊಡೆದೆವು. ಮಧ್ಯಾಹ್ನ, ಅಗೆಯುವ ಮುನ್ನ, ನಿಯಮದಂತೆ ಎರಡನೆಯ ಸಲ ನೋಡಿದೆ. ಮುಳ್ಳು ಅಲುಗಲಿಲ್ಲ. ಮತ್ತೆ ನೋಡಿದೆ, ಆಗಲೂ ಅಷ್ಟೇ.

“ಯಾಕೋ ಶಾಮಾ, ಮಾರಿ ಹಿಂಗ್ಯಾಕ ಮಾಡೀದಿ?”

“ಬಾಯಾರ, ಮುಂಜಾನೆ ನಾನ ತಪ್ಪು ನೋಡೇನೋ ಏನೋ… ಈಗ ಮುಳ್ಳು ಸುಮ್ನ ನಿಂತೈತ್ರಿ.”

ಅವರು ದಿಕ್ಸೂಚಿಯನ್ನು ನೋಡಲಿಲ್ಲ, ರಸ್ತೆಯನ್ನು ನೋಡಿದರು. “ಅಲ್ಲೋ, ರೋಲರ್ ಎಲ್ಲಿ ಹೋತು?”

ಬೆಳಿಗ್ಗೆ ಪಕ್ಕದಲ್ಲೇ ನಿಂತಿದ್ದ ರೋಡ್ ರೋಲರನ್ನು ಚಾಲಕ ನೀರು ತುಂಬಲು ಒಯ್ದಿದ್ದ. ನಮ್ಮ ಮುಳ್ಳನ್ನು ಎಳೆದಿದ್ದು ಅದು! ರಸ್ತೆ ಕಾಮಗಾರಿಯ ಎಂಜಿನಿಯರ್ ಉಮಾಕಾಂತ ಸಾಹೇಬರು, ತಮ್ಮ ರೋಲರೇ ಪುರಾತನ ವಸ್ತುವಾಯಿತೆಂದು ಹೊಟ್ಟೆ ಹಿಡಿದು ನಕ್ಕರು: “ಕ್ಯಾ ಬಾಯಿ, ಹಮಾರಾ ರೋಲರ್ ಹೀ ಪುರಾನಾ ನಿಕ್ಲಾ?”

“ಹಾಂ ಸಾಹಬ್, ಗಲ್ತಿ ಮೇರಿ. ಅಬ್ ಉಸ್ಕೋ ದೂರ್ ರಖೋ,” ಎಂದು ಬಾಯಿಯವರೂ ನಕ್ಕರು. ದಿಕ್ಸೂಚಿ ಹಿಡಿದವನು ನಾನು. ಎಲ್ಲರೆದುರು ತಪ್ಪು ತಮ್ಮದೆಂದವರು ಅವರು.

ರೋಲರನ್ನು ಚೌಕದಾಚೆ ಕಳಿಸಿ ಮೊದಲಿನಿಂದ ನಡೆದೆವು. ತಿರುವಿನ ಬೇವಿನ ಮರದ ಬಳಿ ಮುಳ್ಳು ವಾಲಿತು. ಎರಡನೆಯ ಸಲವೂ ವಾಲಿತು! ಸೊಂಟದಾಳ ಅಗೆದರೂ ಬರೀ ಜಲ್ಲಿ. ಸಾಹೇಬರು ಗಡಿಯಾರ ನೋಡತೊಡಗಿದರು. ಅಷ್ಟರಲ್ಲಿ ಹಾರೆ ಠಣ್ ಎಂದಿತು.

“ಇಳಿ ಶಾಮಾ, ಮೊದಲ ನೀ ಮುಟ್ಟು,” ಎಂದರು ಬಾಯಿಯವರು. ಮಣ್ಣು ಸವರಿದೆ. ತುಕ್ಕು ಹಿಡಿದ ಹಳಿ ತಣ್ಣಗೆ ಬೆರಳಿಗೆ ತಾಗಿತು. ನಕ್ಕಿದ್ದ ಸಾಹೇಬರೇ ಬೂಟು ಕಳಚಿ ಗುಂಡಿಗಿಳಿದರು. ನಾವು ನಕ್ಷೆ ಬರೆಯಲೆಂದು ಡಾಂಬರನ್ನು ಮರುದಿನಕ್ಕೆ ತಡೆದರು.

ತಿರುವಿನಾಚೆ ಆ ಹಳಿ ಎತ್ತ ಹೋಯಿತೆಂದು ಇನ್ನೂ ಗೊತ್ತಿಲ್ಲ. ಅಲ್ಲಿಯೂ ಈ ಚಳಿಗಾಲದಲ್ಲಿ ಡಾಂಬರು ಹಾಕುವರಂತೆ. ಬಾಯಿಯವರ ಕಾಲಿಗೆ ಬಲವೂ ಕಣ್ಣಿಗೆ ಬೆಳಕೂ ಬಹುಕಾಲ ಇರಲಿ, ಅವರು ನೋಡಿದ್ದನ್ನು ಎರಡನೆಯ ಸಲ ನೋಡುವ ಭಾಗ್ಯ ನನಗಿರಲಿ ಎಂದು ಹಾರೈಸುತ್ತೇನೆ. ನಿವೃತ್ತಿಯ ಮಾತೆತ್ತಿದರೆ ಅವರು ಕೇಳುವುದೊಂದೇ: “ಅದಿರಲಿ, ರೋಲರ್ ಯಾವಾಗ ಬರ್ತೈತಿ? ಅದಕ್ಕಿಂತ ಒಂದಿನ ಮೊದಲ ಹೋಗೂಣು.”