ತೂಬು ಎತ್ತಿದ ದಿನದ ರೀಡಿಂಗ್

ಕೋವಿಡ್ ಮುಗಿದ ಮರುವರ್ಷ. ಕೆಟ್ಟುಹೋದ ಹಳ್ಳಗಳನ್ನು ಊರಿನವರ ಜೊತೆ ಸೇರಿ ಸರಿಪಡಿಸಲು ಹಣ ಕೊಡುವ ಟ್ರಸ್ಟೊಂದರ ಕಡೂರು ಕಚೇರಿಯಲ್ಲಿ ನಾನು ಫೀಲ್ಡ್ ಆಫೀಸರ್. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮೊದಲೇ ನಾನು ಕೂತಲ್ಲಿ ಕೂರುವವನಲ್ಲ. ಬುಕ್ಕಾಂಬುಧಿ ಕಡೆಯ ಒಂದು ಹಳ್ಳ ಇದ್ದ ನೆಮ್ಮದಿಯನ್ನೂ ಕಿತ್ತುಕೊಂಡಿತು.

ಊರಿನ ಚರಂಡಿ ಆ ಹಳ್ಳಕ್ಕೇ ಸೇರುತ್ತಿತ್ತು. ದರ ಬಿದ್ದಾಗ ಕೊಳೆತ ಈರುಳ್ಳಿಯನ್ನೂ ಅಲ್ಲೇ ಸುರಿಯುತ್ತಿದ್ದರು. ನೀರಿನಲ್ಲಿ ಕರಗಿದ ಆಮ್ಲಜನಕವನ್ನು, ಅಂದರೆ ನೀರಿಗೆ ಎಷ್ಟು ಉಸಿರಿದೆ ಎಂಬುದನ್ನು, ಡಿ.ಓ. ಮೀಟರ್ ಅಳೆಯುತ್ತದೆ. ಮೊದಲ ಸಲ ಅದು ಒಂದೂವರೆ ತೋರಿಸಿತ್ತು. ಟ್ರಸ್ಟ್ ಕೊಟ್ಟ ಮೊದಲ ಕಂತಿನ ಹಣದಲ್ಲಿ, ಚರಂಡಿ ನೀರು ಸೋಸುವ ಜೊಂಡಿನ ಹೊಂಡ ಅರ್ಧ ಆಗಿತ್ತು. ಮೀಟರ್ ನಾಲ್ಕು ದಾಟಿದರೆ ಮಾತ್ರ ಎರಡನೇ ಕಂತು. ಇಲ್ಲದಿದ್ದರೆ ಹೊಂಡ ಅರ್ಧಕ್ಕೇ ನಿಲ್ಲುತ್ತಿತ್ತು.

ಮಾರ್ಚ್‌ನಲ್ಲಿ ಪರಿಶೀಲನೆ. ಬರುವ ದಿನವನ್ನು ಹದಿನೈದು ದಿನ ಮುಂಚೆಯೇ ಪತ್ರ ಬರೆದು ತಿಳಿಸಿದ್ದೆ, ಅದು ನಿಯಮ. ಮೀಟರ್ ಅದ್ದಿದರೆ ಆರು! ಹಳ್ಳದ ಕೆಲಸ ನೋಡಿಕೊಳ್ಳುವ ಊರಿನ ಸಮಿತಿಯ ಅಧ್ಯಕ್ಷರು ಎಳನೀರು ಕೊಟ್ಟರು. ಪೆನ್ನು ತೆಗೆದೆ, ಮನಸ್ಸು ಮಾತ್ರ ಒಪ್ಪಲಿಲ್ಲ. ತಿಂಗಳಿಂದ ಮಳೆಯಿಲ್ಲ, ಆದರೂ ದಡದ ಹುಲ್ಲು ನೀರಿಗಿಂತ ಒಂದು ಮೊಳ ಮೇಲಿನವರೆಗೂ ಮಲಗಿತ್ತು, ಬುಡ ಒದ್ದೆಯಾಗಿತ್ತು.

“ಮೇಲಿನ ಕೆರೆ ನೀರು ಬಿಟ್ಟಿದ್ದೀರಾ?” ಎಂದೆ. ಅಧ್ಯಕ್ಷರು ಆಕಾಶ ನೋಡಿದರು. ಕೆರೆಯ ತೂಬು ತೆಗೆದು ಮುಚ್ಚುವ ನೀರಗಂಟಿ ಹನುಮಂತಪ್ಪ ಮುಂದೆ ಬಂದ.

“ನಾನೇ ಎರಡು ದಿನ ತೂಬು ಎತ್ತಿದ್ದೆ ಸಾರ್. ನೆಂಟ್ರು ಬತ್ತಾರೆ ಅಂದ್ರೆ ಮನೆ ಗುಡ್ಸಲ್ವಾ?”

ಅವನ ಮುಖದಲ್ಲಿ ಕಳ್ಳತನವಿರಲಿಲ್ಲ, ಮರ್ಯಾದೆ ಮಾಡಿದ ಸಮಾಧಾನವಿತ್ತು. ಅಷ್ಟರಲ್ಲಿ ಹಳ್ಳದ ಕೆಳಗಿನ ಹಟ್ಟಿಯ ಕಮಲಮ್ಮ ಎಮ್ಮೆ ಹಿಡಿದುಕೊಂಡು ಬಂದರು.

“ಗುಡ್ಸಿದ ಕಸ ಯಾರ್ ಬಾಗ್ಲಿಗೆ ಬಂತು ಕೇಳಿ ಸಾರ್. ಎರಡು ದಿನದಿಂದ ನಮ್ಮೆಮ್ಮೆ ನೀರಿಗೆ ಮೂತಿ ಇಟ್ಟಿಲ್ಲ.”

ನನಗೆ ನಾಚಿಕೆಯಾಯಿತು. ಸಮಿತಿ ರಚಿಸಿದವನು ನಾನೇ. ಕೆಳಗಿನ ಹಟ್ಟಿಯ ಒಬ್ಬರನ್ನೂ ಅದಕ್ಕೆ ಸೇರಿಸಿರಲಿಲ್ಲ.

ಕಚೇರಿಯಲ್ಲಿ ವರದಿ ಬರೆಯಲು ಕೂತೆ, ಎದ್ದೆ, ಮತ್ತೆ ಕೂತೆ. ಆರು ಎಂದಷ್ಟೇ ಬರೆದರೆ ಸುಳ್ಳಿನ ಮೇಲೆ ಹೊಂಡ ಮುಗಿಯುತ್ತದೆ. ನಿಜ ಬರೆದರೆ ಕಂತು ನಿಂತು ಕಮಲಮ್ಮನಿಗೆ ಕೊಳಕು ನೀರೇ ಗತಿ. ಕೊನೆಗೆ ನಡೆದದ್ದನ್ನು ನಡೆದಂತೆ ಬರೆದು, ತಪ್ಪು ದಿನ ಮುಂಚೆಯೇ ತಿಳಿಸಿದ ನಮ್ಮ ಪತ್ರದ್ದು, ನಾವು ರಚಿಸಿದ ಸಮಿತಿಯದ್ದು ಎಂದೆ. ಹಟ್ಟಿಯವರೂ ಸೇರಲಿ, ಮೀಟರ್ ಅವರ ಕೈಯಲ್ಲಿರಲಿ, ಕಂತು ನಿಲ್ಲದಿರಲಿ ಎಂದು ಕೇಳಿದೆ. “ಬರೋ ಹಣವೂ ಹೋಗುತ್ತೆ ಕಣ್ರೀ” ಎಂದು ಮೇಲಧಿಕಾರಿ ರೇಗಿದರು. ಒಪ್ಪಿಗೆ ಬರಲು ನಾಲ್ಕು ತಿಂಗಳಾಯಿತು. ಅಷ್ಟರಲ್ಲಿ ಮುಂಗಾರು ಹೊಂಡದ ಒಂದು ಬದಿಯನ್ನು ಕೊಚ್ಚಿಕೊಂಡು ಹೋಗಿತ್ತು. ಆ ನಾಲ್ಕು ತಿಂಗಳು ನನಗೆ ಊಟ ರುಚಿಸಲಿಲ್ಲ.

ಕೆಲಸ ಮತ್ತೆ ನಡೆಯಿತು. ನಿವೃತ್ತಿಯ ಹಿಂದಿನ ವಾರ ಹೇಳದೆ ಕೇಳದೆ ಹೋದೆ. ಕಮಲಮ್ಮ ಮೀಟರ್ ಅದ್ದಿದರು: ಮೂರೂ ಮುಕ್ಕಾಲು.

“ಕಾಲು ತಾನೇ ಕಮ್ಮಿ, ನಾಕು ಅಂತ ಬರ್ಕಳಮ್ಮ. ಸಾರ್ ಖುಷಿಯಾಗಿ ಹೋಗ್ಲಿ” ಎಂದರು ಅಧ್ಯಕ್ಷರು.

“ಸಾರ್ ಹೋಯ್ತಾರೆ. ನೀರು ಕುಡಿಯೋದು ನಮ್ಮೆಮ್ಮೆ ಕಣ್ರೀ.”

ಮೂರೂ ಮುಕ್ಕಾಲೆಂದೇ ಬರೆದರು. ನಾನು ಕೆಳಗೆ ಸಹಿ ಹಾಕಿದೆ. ಹಳ್ಳ ಸರಿಹೋಯಿತೇ ಎಂದು ಹಣ ಕೊಟ್ಟವರನ್ನಲ್ಲ, ಕೆಳಗೆ ಇರುವವರನ್ನು ಕೇಳಬೇಕು. ಇಷ್ಟು ಕಲಿಯಲು ನನಗೆ ಇಡೀ ನೌಕರಿ ಬೇಕಾಯಿತು. ಅದು ಗೊತ್ತಿರಬೇಕಾಗಿದ್ದದ್ದು ಸಮಿತಿಯ ಪಟ್ಟಿ ಬರೆದ ದಿನವೇ.