ಉಸ್ತಾದರ ಮಗಳಿಗೆ ಒಂದು ಹಿಡಿ ಮಣ್ಣು

ನಾನು ಸಿಕಂದರ್. ತಾಜಸುಲ್ತಾನಪುರದವನು, ಇಪ್ಪತ್ತೆರಡು ವರ್ಷದಿಂದ ಸರ್ಕಾರಿ ಬಸ್ಸಿನ ಡ್ರೈವರ್. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಅನುಮಾನವಿದ್ದವರು ಒಮ್ಮೆ ನನ್ನ ಬಸ್ಸಿಗೆ ಆಟೊ ಅಡ್ಡ ಹಾಕಿ ನೋಡಲಿ. ಆದರೆ ಈಗ ಹೇಳಹೊರಟಿದ್ದು ನನ್ನ ಕಥೆಯಲ್ಲ, ಜಯಕ್ಕನದು. ಆರು ವರ್ಷದಿಂದ ಕಮಲಾಪುರ–ಕಲಬುರಗಿ ಬಸ್ಸಿನಲ್ಲಿ ನನ್ನ ಕಂಡಕ್ಟರ್ ಅವಳು. ವಯಸ್ಸು ನಲವತ್ತೇಳು. ಬಾಳೆಹಣ್ಣಿನ ಬುಟ್ಟಿ ಹತ್ತಿಸಲಾಗದೆ ಯಾರಾದರೂ ಮುದುಕಿ ಪರದಾಡುತ್ತಿದ್ದರೆ ಜಯಕ್ಕ ಇಳಿದು, ಒಂದೇ ಎಳೆತಕ್ಕೆ ಎತ್ತಿ ಒಳಗಿಟ್ಟು, ಏನೂ ಆಗದವಳಂತೆ ಸೀಟಿ ಊದುತ್ತಾಳೆ.

ಆ ತೋಳು ಎಲ್ಲಿಂದ ಬಂತೆಂದು ಕಮಲಾಪುರದಲ್ಲಿ ಯಾರೂ ಕೇಳುವುದಿಲ್ಲ. ಅವಳ ಅಪ್ಪ ಮಾಣಿಕಪ್ಪ ಊರಿನ ತಾಲೀಮಿನ, ಅಂದರೆ ಗರಡಿಮನೆಯ, ಉಸ್ತಾದರು. ನಲವತ್ತು ವರ್ಷ ಊರ ಹುಡುಗರಿಗೆಲ್ಲ ಕುಸ್ತಿ ಕಲಿಸಿದವರು. ತಾಲೀಮಿಗೆ ಒಂದು ಕಟ್ಟಳೆ ಇತ್ತು. ಹೊಸಬ ತೆಂಗಿನಕಾಯಿ ತಂದು ಕೊಡಬೇಕು, ಉಸ್ತಾದರು ಅವನ ಹಣೆಗೆ ಅಖಾಡದ ಕೆಮ್ಮಣ್ಣು ಹಚ್ಚಬೇಕು. ಅಲ್ಲಿಯವರೆಗೆ ಒಂದು ದಂಡ, ಒಂದು ಬಸ್ಕಿ ಹೊಡೆಯುವಂತಿಲ್ಲ, ಎತ್ತುವ ಸಂಗ್ರಾಣಿ ಕಲ್ಲು ಮುಟ್ಟುವಂತಿಲ್ಲ.

ಆ ಮಣ್ಣಿಗೆ ಪ್ರತಿ ಸೋಮವಾರ ಮಜ್ಜಿಗೆ, ಎಳ್ಳೆಣ್ಣೆ ಕೂಡಿಸಿ ಹದ ಮಾಡುತ್ತಿದ್ದರು. ಮಜ್ಜಿಗೆಯ ಗಡಿಗೆ ಹೊತ್ತು ತರುವುದು ಜಯಕ್ಕನ ಕೆಲಸ. ಏಳು ವರ್ಷದವಳಿದ್ದಾಗಿನಿಂದ ಮದುವೆಯಾಗಿ ಹೋಗುವ ತನಕ, ಹದಿಮೂರು ವರ್ಷ ಹೊತ್ತಳು. ಗಡಿಗೆ ಹೊಸ್ತಿಲ ಮೇಲಿಟ್ಟು ಹಿಂದೆ ಸರಿಯಬೇಕು. ಹೆಣ್ಣು ಕಾಲಿಟ್ಟರೆ ಮಣ್ಣು ಮುನಿಯುತ್ತದಂತೆ! ಒಳಗಿನಿಂದ ಕೈ ಬಂದು ಗಡಿಗೆ ಒಯ್ಯುತ್ತಿತ್ತು, ಬಾಗಿಲು ಮುಚ್ಚುತ್ತಿತ್ತು. ಅವಳು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಬಿದ್ದ ಸದ್ದಿನ ಮೇಲೆಯೇ ಯಾರು ಬಿದ್ದರು, ಯಾರು ಕೆಡವಿದರು ಎಂದು ಹೇಳುವಷ್ಟು ಕಿವಿ ಪಳಗಿತ್ತು.

ಹತ್ತು ವರ್ಷದವಳಿದ್ದಾಗ ಒಮ್ಮೆ ಕೇಳಿದ್ದಳಂತೆ, "ಯಪ್ಪಾ, ನನ್ನ ಹಣಿಗೂ ಮಣ್ಣ ಹಚ್ಚು." ಉಸ್ತಾದರು ಮಣ್ಣು ತಿರುವುತ್ತಲೇ ಅಂದರಂತೆ, "ಮುಂದಿನ ಜನ್ಮಕ್ಕ ಗಂಡಾಗಿ ಹುಟ್ಟಿ ಬಾ." ಮತ್ತೆಂದೂ ಅವಳು ಕೇಳಲಿಲ್ಲ.

ಗಂಡ ತೀರಿಕೊಂಡ ಮೇಲೆ ಅಪ್ಪನ ಮನೆಗೇ ಬಂದಳು. ಅಷ್ಟರಲ್ಲಿ ಹುಡುಗರು ಮೊಬೈಲ್ ಹಿಡಿದಿದ್ದರು, ತಾಲೀಮಿಗೆ ಬೀಗ ಬಿದ್ದಿತ್ತು. ಬೀಗದ ಕೈ ಉಸ್ತಾದರ ಉಡದಾರದಲ್ಲಿ ನೇತಾಡುತ್ತಿತ್ತು. ತೆರೆಯಲು ಯಾರೂ ಬರುತ್ತಿರಲಿಲ್ಲ.

ಹೋದ ಶ್ರಾವಣದಲ್ಲಿ ಒಂದು ದಿನ, ಮಧ್ಯಾಹ್ನ ಎರಡಕ್ಕೆ ಕಲಬುರಗಿಯಲ್ಲಿ ಡ್ಯೂಟಿ ಮುಗಿಸಿ ಇಳಿಯುವಾಗ ಜಯಕ್ಕ ಕೇಳಿದಳು, "ಸಿಕಂದರಣ್ಣಾ, ನನ್ನ ಜೋಡಿ ಸ್ವಲ್ಪ ಬರ್ತೀರೇನು? ಒಂದು ಜಿಮ್ಮು ಹುಡಕಬೇಕು."

ನಾನು ನಕ್ಕೆ. "ಈ ವಯಸ್ಸಿನ್ಯಾಗ? ತೌಬಾ! ಬಸ್ಸಿನ್ಯಾಗ ನಿಂತು ನಿಂತು ಸಾಲಲಿಲ್ಲೇನು ನಿಂಗ?"

ಅವಳು ನಗಲಿಲ್ಲ. ಹೋದೆವು.

ಸ್ಟೇಶನ್ ಬಜಾರದ ಮೊದಲ ಜಿಮ್ಮಿನಲ್ಲಿ ಕಿವಿ ಹರಿಯುವ ಹಾಡು, ಕನ್ನಡಿ ಮುಂದೆ ತೋಳು ನೋಡಿಕೊಳ್ಳುವ ಹುಡುಗರು. ಕೌಂಟರಿನವನು ಅವಳ ಖಾಕಿ ನೋಡಿ, "ಕಸ ಹೊಡ್ಯಾಕ ಮುಂಜಾನಿ ಬರಬೇಕ್ರಿ" ಅಂದ. ಅವನ ಕೊರಳಪಟ್ಟಿಗೆ ಕೈ ಹಾಕಲು ಹೋದ ನನ್ನನ್ನು ಜಯಕ್ಕ ಎಳೆದುಕೊಂಡು ಬಂದಳು. ಎರಡನೆಯದು ಹೆಂಗಸರದೇ. ಅಲ್ಲಿ ಒಬ್ಬಾಕೆ ಯಾವುದೋ ಪುಡಿಯ ಡಬ್ಬಿ ತೋರಿಸಿ, ಎರಡು ತಿಂಗಳಲ್ಲಿ ಹದಿನೈದು ಕೆಜಿ ಇಳಿಸಿಕೊಡುತ್ತೇವೆ ಅಂದಳು. "ನಂಗ ಇಳಸೋದಿಲ್ರೀ, ಎತ್ತೋದದ" ಅಂದು ಜಯಕ್ಕ ಹೊರಬಿದ್ದಳು. ಹೀಗೆ ಹತ್ತು ಹದಿನೈದು ದಿನ ಅಲೆದೆವು. ನನ್ನ ಹೆಂಡತಿ, ಡ್ಯೂಟಿ ಮುಗಿದ ಮೇಲೆ ಎಲ್ಲಿ ಹಾಳಾಗಿ ಹೋಗ್ತೀರಿ ಎಂದು ಕೇಳತೊಡಗಿದ್ದಳು.

ಕೊನೆಗೆ ಖೂಬಾ ಪ್ಲಾಟಿನಲ್ಲಿ, ಔಷಧಿ ಅಂಗಡಿಯೊಂದರ ಮೇಲೆ, ಸಣ್ಣ ಸ್ಟುಡಿಯೊ ಸಿಕ್ಕಿತು. ಒಂದು ಸಲಕ್ಕೆ ಆರೇ ಜನ. ಕಲಿಸುವವಳು ಭುವನೇಶ್ವರಿ ಎಂಬ ಹುಡುಗಿ, ಇಪ್ಪತ್ತಾರೋ ಇಪ್ಪತ್ತೇಳೋ. ಬಾಗಿಲ ಮೇಲೆ ಬೋರ್ಡು: ಹೆಂಗಸರಿಗೆ ಮಾತ್ರ, ಗಂಡಸರಿಗೆ ಪ್ರವೇಶವಿಲ್ಲ. ನಾನು ಮೆಟ್ಟಿಲ ಮೇಲೆ ನಿಂತೆ. ಹೊರಬಂದ ಜಯಕ್ಕನ ಮುಖ ಅರಳಿತ್ತು. "ಹಿಡಿಕಿ ಇರೋ ಕಬ್ಬಿಣದ ಗುಂಡು ಅದಾವಣ್ಣಾ! ಥೇಟ್ ನಮ್ಮ ಸಂಗ್ರಾಣಿ ಕಲ್ಲು!"

ಮರುದಿನ ಸೇರಿದಳು. ಒಂದು ವಾರ ಕಳೆದ ಮೇಲೆ ಕೇಳಿದೆ, "ಎಷ್ಟು ಎತ್ತಿದಿ?"

"ಮುಟ್ಟೇ ಇಲ್ಲ."

ಆದದ್ದಿಷ್ಟು. ಮೊದಲ ದಿನ ಚಪ್ಪಲಿ ಹೊರಗೆ ಬಿಟ್ಟು, ತೆಂಗಿನಕಾಯಿ ಹಿಡಿದು ಒಳಗೆ ಹೋಗಿ, ಆ ಹುಡುಗಿಯ ಮುಂದೆ ಹಣೆ ಬಗ್ಗಿಸಿ ನಿಂತಳಂತೆ. ಹುಡುಗಿ ಗಾಬರಿಯಾಗಿ, "ಆಂಟೀ, ಇಲ್ಲಿ ಮಣ್ಣು ಗಿಣ್ಣು ಇಲ್ರೀ, ರಬ್ಬರ್ ಅದ. ಶೂ ಹಾಕ್ಕೊಂಡು ಬರ್ರಿ" ಅಂದಳಂತೆ. ಅಂದಿನಿಂದ ಇವಳು ದಿನಾ ಹೋಗಿ, ಮೂಲೆಯ ಬೆಂಚಿನ ಮೇಲೆ ಕುಳಿತು, ಉಳಿದವರು ಎತ್ತುವುದನ್ನು ನೋಡಿ ಬರುತ್ತಿದ್ದಳು.

ನನ್ನ ನೆತ್ತಿಗೆ ಹತ್ತಿತು. "ರೊಕ್ಕ ಕೊಟ್ಟು ಬೆಂಚ್ ಮ್ಯಾಲ ಕುಂದರ್ತೀಯಾ? ಹುಚ್ಚು ಬಿಡೂತನ ಮದ್ವಿ ಆಗಂಗಿಲ್ಲ, ಮದ್ವಿ ಆಗೂತನ ಹುಚ್ಚು ಬಿಡಂಗಿಲ್ಲ, ಅಂಥಾ ಕತಿ ಆಯ್ತು ನಿಂದು!"

"ಕೈ ಹೋಗ್ತಾವಣ್ಣಾ, ಗುಂಡಿನ ತನಕ ಹೋಗಿ ಹಿಂದ ಬರ್ತಾವ. ಮಣ್ಣ ಹಚ್ಚಿಸ್ಕೊಳ್ದ ಹೆಂಗ ಮುಟ್ಲಿ?"

"ಹಂಗಾರ ನಿಮ್ಮಪ್ಪಗ ಕೇಳು."

"ಒಮ್ಮೆ ಕೇಳೀನಿ."

ಅವಳು ಅದನ್ನು ಬಹಳ ಮೆಲ್ಲಗೆ ಹೇಳಿದಳು. ಮೂವತ್ತೇಳು ವರ್ಷದ ಆಸೆ, ಇನ್ನೂ ಹಸಿಯಾಗಿಯೇ ಇತ್ತು.

ಮರುದಿನ ಕಮಲಾಪುರದಲ್ಲಿ ಬಸ್ಸು ನಿಲ್ಲಿಸಿ ಸೀದಾ ತಾಲೀಮಿನ ಕಟ್ಟೆಗೆ ಹೋದೆ. ಉಸ್ತಾದರು ಒಬ್ಬರೇ ಕುಳಿತಿದ್ದರು. ಎಂಬತ್ತರ ಮುದುಕರೆಂದು ನೋಡಲಿಲ್ಲ, ಬಾಯಿಗೆ ಬಂದದ್ದೆಲ್ಲ ಅಂದೆ. ತೆಂಗಿನಕಾಯಿ ಅಂದೆ, ಬೆಂಚು ಅಂದೆ, ಹದಿಮೂರು ವರ್ಷದ ಗಡಿಗೆ ಅಂದೆ. ಅವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು. ಕೊನೆಗೆ, "ನಿನ್ನ ಕಡೀ ಬಸ್ಸು ಎಷ್ಟಕ್ಕದ?" ಎಂದು ಕೇಳಿದರು. ಎದ್ದು ಹೋಗು ಎನ್ನುತ್ತಿದ್ದಾರೆ ಎಂದುಕೊಂಡು ಎದ್ದು ಬಂದೆ.

ಎರಡು ದಿನದ ಮೇಲೆ ಹನ್ನೆರಡೂವರೆಗೆ, ನನ್ನ ಕೊನೆಯ ಬಸ್ಸಿಗೇ ರುಮಾಲು ಸುತ್ತಿಕೊಂಡು ಅವರು ಹತ್ತಿದರು. ತೊಡೆಯ ಮೇಲೆ ಬಿಳಿ ಬಟ್ಟೆಯ ಗಂಟು. ಜಯಕ್ಕ ಟಿಕೆಟ್ ಹರಿದು ಕೊಟ್ಟಳು. ಅವರು ಚಿಲ್ಲರೆ ಕೊಟ್ಟರು. ಕನ್ನಡಿಯಲ್ಲಿ ನೋಡಿದೆ, ಅವಳ ಕಣ್ಣು ಮತ್ತೆ ಮತ್ತೆ ಆ ಗಂಟಿನ ಕಡೆಗೇ ಹೋಗುತ್ತಿತ್ತು.

ಖೂಬಾ ಪ್ಲಾಟಿನ ಮೆಟ್ಟಿಲು ಹತ್ತಲು ಅವರಿಗೆ ಬಹಳ ಹೊತ್ತು ಬೇಕಾಯಿತು. ಜಯಕ್ಕ ಮುಂದೆ ಹೋಗಿ ಒಳಗೆ ನಿಂತಳು. ಉಸ್ತಾದರು ಹಿಂದೆಯೇ ಕಾಲೆತ್ತಿದರು. ಭುವನೇಶ್ವರಿ ಓಡಿ ಬಂದಳು. "ಅಜ್ಜಾ, ಒಳಗ ಬರಬ್ಯಾಡ್ರಿ! ಹೆಣ್ಮಕ್ಕಳು ಅದಾರ."

ನಾನು ಜಗಳಕ್ಕೆ ಬಾಯಿ ತೆರೆದೆ. ಉಸ್ತಾದರು ನನ್ನ ಎದೆಗೆ ಕೈ ಒತ್ತಿ ತಡೆದರು. "ಸುಮ್ನಿರು. ಜಾಗಾದ ಕಟ್ಟಳಿ ಅದ. ಮುರೀಬಾರ್ದು."

ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಹೊಸ್ತಿಲ ಈಚೆ ಕುಕ್ಕರಗಾಲಲ್ಲಿ ಕುಳಿತು ಗಂಟು ಬಿಚ್ಚಿದರು. ಕೆಮ್ಮಣ್ಣು. ಒಣ ಹೆಂಟೆಯಲ್ಲ, ಹದವಾದ ಮಣ್ಣು. ಎಳ್ಳೆಣ್ಣೆಯ ವಾಸನೆ ಮೆಟ್ಟಿಲ ತುಂಬ ಹರಡಿತು.

"ಮಜ್ಜಗಿ ನಾನೇ ಕಡದೀನಿ" ಅಂದರು. "ಬಾ ಮಗಳ."

ಜಯಕ್ಕ ಒಳಗಿನಿಂದಲೇ ಮಂಡಿಯೂರಿ ಹಣೆ ಮುಂದೆ ಚಾಚಿದಳು. ಅವರು ಕೈ ಮಾತ್ರ ಹೊಸ್ತಿಲು ದಾಟಿಸಿ ಮಣ್ಣು ಹಚ್ಚಿದರು. ಅವಳು ಅಳುತ್ತಿದ್ದಳು. ಮೊದಲ ದಿನ ತಂದು ಬೆಂಚಿನ ಕೆಳಗಿಟ್ಟಿದ್ದ ತೆಂಗಿನಕಾಯಿಯನ್ನೇ ಅವರ ಉಡಿಗೆ ಹಾಕಿ ಎದ್ದು ಒಳಗೆ ಹೋದಳು. ಭುವನೇಶ್ವರಿ ಬಾಗಿಲು ಮುಚ್ಚಿದಳು.

ನಾವಿಬ್ಬರೂ ಹೊರಗೆ ನಿಂತೆವು. ಸ್ವಲ್ಪ ಹೊತ್ತಿಗೆ ಒಳಗೆ ಧಡ್ ಎಂದಿತು.

"ಆಕೀನೇ ಏನು?" ಉಸ್ತಾದರು ಕೇಳಿದರು.

"ಗೊತ್ತಾಗವಲ್ದು, ಉಸ್ತಾದ್. ಬಾಗಿಲಾ ಹಾಕ್ಯಾರ." ಮತ್ತೆ ಧಡ್. ಅವರು ಬಾಗಿಲಿಗೆ ಕಿವಿ ಹಚ್ಚಿದರು. "ಬರ್ರಿ, ಕೆಳಗ ಚಾ ಕುಡ್ಯೋಣು" ಅಂದೆ. ಅವರು ಕದಲಲಿಲ್ಲ.

"ಇಲ್ಲಿ ನಿಂತ್ರ ಏನೂ ಕಾಣಂಗಿಲ್ಲಲ್ಲೋ ಸಿಕಂದರ್" ಅಂದರು. "ಹದಿಮೂರು ವರ್ಷ ಹೆಂಗ ನಿಂತಿದ್ಲು ನನ್ನ ಕೂಸು?"