ಓವನ್ ಕಚ್ಚುತ್ತದೆ ಎಂದವಳು

ನಮ್ಮ ವಂಶದ ಅಡುಗೆಮನೆಯನ್ನು ಪ್ರವೇಶಿಸಿದ ಮೊದಲ ಪಾದರಕ್ಷೆ ನನ್ನ ಗಂಡನದು. ಅದಕ್ಕೆ ಮೂಳೆ ಡಾಕ್ಟರ ಶಿಫಾರಸಿತ್ತು. ಹಿಮ್ಮಡಿಯ ಎಲುಬು ಮುಳ್ಳಿನಂತೆ ಬೆಳೆದಿದೆ, ಮನೆಯೊಳಗೂ ಮೆತ್ತನೆಯ ರಬ್ಬರ್ ಚಪ್ಪಲಿ ಹಾಕಿಕೊಂಡೇ ಓಡಾಡಬೇಕು ಎಂದು ಅವರು ಹೇಳಿದ ದಿನ ನಮ್ಮಲ್ಲಿ ದೀರ್ಘವಾದ ಸಂಧಾನ ನಡೆಯಿತು. ನಡುಮನೆಗೆ ನನ್ನ ಅಡ್ಡಿಯಿರಲಿಲ್ಲ. ದೇವರಮನೆಯನ್ನು ಅವರು ಕೇಳಲಿಲ್ಲ. ಅಡುಗೆಮನೆ ಮಾತ್ರ ವಿವಾದಿತ ಪ್ರದೇಶವಾಗಿ ಉಳಿದು, ಕೊನೆಗೆ ಬೀದಿಯ ಮುಖವನ್ನೇ ಕಾಣದ ಒಂದು ಪ್ರತ್ಯೇಕ ಜೋಡಿಗೆ ಒಳಗೆ ಬರಲು ಅಪ್ಪಣೆಯಾಯಿತು. ನೀಲಿ ಬಣ್ಣದ ಆ ಜೋಡಿ ಮನೆಯಲ್ಲಿ ನನಗಿಂತ ಹೆಚ್ಚು ಮಡಿಯಾಗಿತ್ತು. ಅಪ್ಪನಿಗೆ ಸಿಕ್ಕ ಪರವಾನಗಿಯ ಆಧಾರದ ಮೇಲೆ ಕೋಣನಕುಂಟೆಯಲ್ಲಿರುವ ಮಗಳೂ ಇಲ್ಲಿಗೆ ಬಂದಾಗ ಹಾಕಿಕೊಳ್ಳಲು ಒಂದು ಜೋಡಿ ತಂದಿಟ್ಟಳು.

ನಾನು ಹಳೆಯ ಪದ್ಧತಿ ಬಿಡಲಿಲ್ಲ. ಅಡುಗೆಮನೆಯ ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕಾಲು ತೊಳೆದುಕೊಂಡು ಬಂದು ಒಲೆ ಹಚ್ಚಬೇಕು. ಇದನ್ನು ನನಗೂ ಅಕ್ಕನಿಗೂ ಅಮ್ಮ ಸೌಟಿನ ಸಹಾಯದಿಂದ ಕಲಿಸಿದ್ದರು. ಹಾಗೆ ಕಲಿತದ್ದು ಮರೆಯುವುದಿಲ್ಲ.

ಎಲೆಕ್ಟ್ರಿಕ್ ಕುಕಿಂಗ್ ರೇಂಜ್ ಬಂದದ್ದು ಇದೆಲ್ಲ ಆದ ಮೇಲೆ. ಜೆ.ಪಿ. ನಗರದ ಫ್ಲ್ಯಾಟೊಂದನ್ನು ಖಾಲಿ ಮಾಡುತ್ತಿದ್ದ ವಿದೇಶಿ ಕುಟುಂಬ ಅದನ್ನು ಮಾರಿತು, ನನ್ನ ಗಂಡ ಕೊಂಡರು. ಮೇಲೆ ನಾಲ್ಕು ಬಿಸಿತಟ್ಟೆ, ಕೆಳಗೆ ಒಂದು ಮಗು ಕೂರಬಹುದಾದಷ್ಟು ದೊಡ್ಡ ಓವನ್, ಅದಕ್ಕೆ ಮಿರುಗುವ ಉಕ್ಕಿನ ಹಿಡಿ. ಬನಶಂಕರಿಯ ನಮ್ಮ ಬೀದಿಯಲ್ಲಿ ಟೆಂಪೋದಿಂದ ಅದನ್ನು ಇಳಿಸುವಾಗ ಉತ್ಸವಮೂರ್ತಿಗೆ ಸಲ್ಲುವ ಗೌರವವೇ ಸಂದಿತು. ಎದುರು ಮನೆಯವರು ಚಪ್ಪಲಿ ಬಿಟ್ಟು ನಿಂತಿದ್ದರು ಎಂದು ನನ್ನ ನೆನಪು, ಬಹುಶಃ ಅವರು ಹಾಕಿಕೊಂಡೇ ಇರಲಿಲ್ಲ. ನಾನು ಅದರಲ್ಲಿ ಖಾರ ಬಿಸ್ಕತ್ತು ಸುಟ್ಟೆ, ಖಾರ ಮಸಾಲೆ ಹಚ್ಚಿ ಕಾಂಗ್ರೆಸ್ ಕಡ್ಲೇಕಾಯಿ ಹುರಿದೆ, ಬದನೆಕಾಯಿ ಸುಟ್ಟು ಗೊಜ್ಜು ಮಾಡಿದೆ. ಗ್ಯಾಸ್ ಒಲೆಗೆ ಸಣ್ಣಗೆ ಅವಮಾನವಾಗುವಷ್ಟು ಅದನ್ನು ಹಚ್ಚಿಕೊಂಡೆ.

ಒಂದು ದಿನ ಬಿಸ್ಕತ್ತಿನ ತಟ್ಟೆ ತೆಗೆಯಲು ಹಿಡಿ ಮುಟ್ಟಿದಾಗ ಬೆರಳಿನಿಂದ ಮೊಣಕೈವರೆಗೆ ಇರುವೆಗಳ ಸಾಲು ಓಡಿದ ಹಾಗಾಯಿತು.

"ಇದು ಕಚ್ಚತ್ತೆ ರೀ," ಎಂದೆ.

ಅವರು ನೀಲಿ ಚಪ್ಪಲಿಯಲ್ಲಿ ಬಂದು, ಮಗುವಿನ ಜ್ವರ ನೋಡುವಂತೆ ಹಿಡಿಯ ಮೇಲೆ ಕೈಯಿಟ್ಟರು.

"ಏನೂ ಇಲ್ವಲ್ಲೇ."

"ಜುಂ ಅಂತು."

"ಬಿಸಿ ಇರತ್ತೆ. ಓವನ್ ಅದು, ಐಸ್ ಪೆಟ್ಟಿಗೆ ಅಲ್ಲ."

ಮತ್ತೆರಡು ಸಲ ಹಾಗೇ ಆದ ಮೇಲೆ ಪದ್ಮನಾಭನಗರದಿಂದ ಎಲೆಕ್ಟ್ರಿಷಿಯನ್ನನ್ನು ಕರೆಸಿದರು. ಸಭ್ಯ ಮನುಷ್ಯ, ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಟ್ಟು ಬಂದರು. ನಾನು ಆಗ ತಾನೆ ನೆಲ ಒರೆಸಿದ್ದೆ. ಮನೆಗೆ ಬಂದವರನ್ನು ಒದ್ದೆ ನೆಲದಲ್ಲಿ ಕೂರಿಸುವುದು ಹೇಗೆ? ಊಟದ ಮಣೆ ತಂದು ಹಾಕಿದೆ. ಅವರು ಅದರ ಮೇಲೆ ಪದ್ಮಾಸನ ಹಾಕಿ ಕುಳಿತು, ಓವನ್ ಹಚ್ಚಿಸಿ, ಟೆಸ್ಟರಿನ ತುದಿಯನ್ನು ಅದರ ಮೈಗೆ ಮುಟ್ಟಿಸಿದರು.

"ಸ್ವಲ್ಪ ಮಿಣುಕ್ತಾ ಇದೆ ಸಾರ್. ಇದು ರಿಟರ್ನು, ವಾಪಸ್ ಬರೋ ಕರೆಂಟು. ಹಳೇ ಮನೆಗಳಲ್ಲಿ ಎಲ್ಲಾದ್ರಲ್ಲೂ ಇರತ್ತೆ." ಆಮೇಲೆ ಅಂಗೈಯನ್ನು ಪೂರ್ತಿ ಊರಿದರು. "ನೋಡಿ ಆಂಟಿ, ಮುಟ್ಕೊಂಡೇ ಇದೀನಿ. ನಗ್ತಾ ಇದೀನಿ."

ಕಾಫಿ ಕುಡಿದು ಹೊರಟವರು ಗೇಟಿನ ಹತ್ತಿರ ದನಿ ತಗ್ಗಿಸಿ ನನ್ನ ಗಂಡನನ್ನು ಕೇಳಿದ್ದು ಕಿಟಕಿಯಿಂದ ನನಗೆ ಕೇಳಿಸಿತು. "ಆಂಟಿಗೆ ಶುಗರ್ ಇದ್ಯಾ ಸಾರ್? ನಮ್ಮತ್ತೆಗೂ ಹಿಂಗೇ ಕೈ ಜುಂ ಅಂತಿತ್ತು."

ಹೀಗೆ ಓವನ್ನಿನ ರೋಗ ನನಗೆ ವರ್ಗವಾಯಿತು. ರಕ್ತ ಕೊಟ್ಟೆ. ಶುಗರ್ ಇರಲಿಲ್ಲ. ವಿಟಮಿನ್ನುಗಳು ತಮ್ಮ ತಮ್ಮ ಸ್ಥಾನದಲ್ಲಿದ್ದವು. ರಕ್ತದಲ್ಲಿ ಏನಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು. ಸಿಗದ ಕಾರಣ ಅನುಮಾನ ಕೈಯಿಂದ ಮೆಲ್ಲಗೆ ಮೇಲೇರಿ ತಲೆಗೆ ಬಂತು.

ಅದಕ್ಕೆ ಪುರಾವೆಯೂ ಇತ್ತು. ಟಿ.ವಿ. ರಿಮೋಟು ಫ್ರಿಜ್ಜಿನ ತರಕಾರಿ ಟ್ರೇಯಲ್ಲಿ, ಹುರುಳಿಕಾಯಿಯ ಪಕ್ಕದಲ್ಲಿ ಸಿಕ್ಕಿತ್ತು. ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಮೊದಲಾಗಿದ್ದರೆ ಇಂಥದಕ್ಕೆ ಊಟದ ಹೊತ್ತಿನಲ್ಲಿ ಒಂದು ಗಲಾಟೆಯಾಗಿ ಮುಗಿಯುತ್ತಿತ್ತು. ಈಗ ನನ್ನ ಗಂಡ ಸಾರನ್ನು ಸುಮ್ಮನೆ ಉಂಡು, "ಚೆನ್ನಾಗಿದೆ," ಎಂದರು. ಮಗಳು ಫೋನಿನಲ್ಲಿ ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ ಮಾತಾಡತೊಡಗಿದಳು. ಮದುವೆಯಾದಂದಿನಿಂದ ನಾನು ಈ ಮನೆಯಲ್ಲಿ ಬಯಸಿದ್ದು ಇಂಥ ಮೃದುವಾದ ಮಾತನ್ನೇ. ಅದು ಬಂದಾಗ ಹಳೆಯ ಬೈಗುಳವೇ ವಾಸಿ ಎನಿಸಿತು.

ಏಕೆಂದರೆ ನಾವು ಇದನ್ನು ಒಂದು ಸಲ ನೋಡಿದ್ದೆವು. ಗಿರಿನಗರದಲ್ಲಿರುವ ನನ್ನ ಅಕ್ಕನಿಗೆ ಶುರುವಾದದ್ದೂ ಹೀಗೆಯೇ. "ನಲ್ಲಿ ನೀರು ಚುಚ್ಚತ್ತೆ ಕಣೇ," ಎಂದು ಅವಳು ಫೋನು ಮಾಡಿದ್ದಳು. ಆಮೇಲೆ ಬೀಗದ ಕೈ ಅಕ್ಕಿ ಡಬ್ಬದಲ್ಲಿ ಸಿಗತೊಡಗಿತು. ಆಮೇಲೆ ಮಕ್ಕಳ ಹೆಸರು ಅದಲು ಬದಲಾಯಿತು. ರಕ್ತಪರೀಕ್ಷೆಯ ಮರುವಾರ ನಾನು ಅವಳನ್ನು ನೋಡಲು ಹೋದೆ. ಬಾಗಿಲಿಗೆ ಬಂದು ಕೈಹಿಡಿದು ಒಳಗೆ ಕರೆದುಕೊಂಡಳು, ಮೊದಲಿನ ಹಾಗೆಯೇ.

"ಬನ್ನಿ, ಬನ್ನಿ. ನೀವು ಯಾರ ಮನೆಯವರು?"

ಹುಟ್ಟಿದಾಗಿನಿಂದ ಅವಳು ನನ್ನನ್ನು 'ನೀವು' ಎಂದದ್ದಿಲ್ಲ.

"ಇಲ್ಲೇ, ಬನಶಂಕರಿಯವರು," ಎಂದೆ.

"ನಮ್ಮ ತಂಗೀನೂ ಅಲ್ಲೇ ಇರೋದು. ಬರೋದೇ ಇಲ್ಲ. ಬಲು ಜಂಬ ಅವಳಿಗೆ."

ಅವಳು ಕೊಟ್ಟ ಅವಲಕ್ಕಿ ತಿಂದು, ತಂಗಿಗೆ ಹೇಳಿ ಕಳಿಸುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಆಮೇಲೆ ಓವನ್ನಿನ ವಿಷಯ ಬಾಯಿಬಿಡುವುದನ್ನು ನಿಲ್ಲಿಸಿದೆ. ಬಟ್ಟೆ ಸುತ್ತಿ ಹಿಡಿ ಎಳೆಯುತ್ತಿದ್ದೆ. ಬಟ್ಟೆ ಮರೆತಾಗ ಕೆಲವು ದಿನ ಕಚ್ಚುತ್ತಿತ್ತು, ಕೆಲವು ದಿನ ಇಲ್ಲ. ದಿನಾ ಕಚ್ಚಿದ್ದರೆ ಅದರ ತಪ್ಪು ಎನ್ನಬಹುದಿತ್ತು. ಮನಸ್ಸಿಗೆ ಬಂದಾಗ ಕಚ್ಚುವುದೆಂದರೆ ಯಾರ ಮನಸ್ಸಿಗೆ? ಮಗಳು ಒಂದು ಭಾನುವಾರ ಬಂದು, ತನ್ನ ಚಪ್ಪಲಿಯಲ್ಲಿ ನಿಂತು ಹಿಡಿಯನ್ನು ಚೆನ್ನಾಗಿ ತಡವಿ ನೋಡಿ, ಜಯನಗರದಲ್ಲಿ ಜ್ಞಾಪಕಶಕ್ತಿ ಪರೀಕ್ಷಿಸುವ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಳು. "ಸುಮ್ನೆ ಒಂದ್ಸಲ ತೋರಿಸ್ಕೊಂಡು ಬರೋಣಮ್ಮ," ಎಂದಳು. ಸುಮ್ಮನೆ ಯಾರೂ ಯಾವ ಡಾಕ್ಟರಿಗೂ ಏನನ್ನೂ ತೋರಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಆಗಲಿ ಎಂದೆ.

ಅದೇ ವಾರದ ಒಂದು ಬೆಳಿಗ್ಗೆ ಉಪ್ಪಿನಕಾಯಿಯ ಗಾಜಿನ ಜಾಡಿ ಕೈಜಾರಿ ಅಡುಗೆಮನೆಯ ನೆಲದ ಮೇಲೆ ಚೂರಾಯಿತು. ಓವನ್ನಿನಲ್ಲಿ ಬಿಸ್ಕತ್ತಿತ್ತು. ಬರಿಗಾಲಲ್ಲಿ ಗಾಜು ಗುಡಿಸಲಾಗದೆ, ಬಾಗಿಲ ಬಳಿ ಬಿಟ್ಟಿದ್ದ ನೀಲಿ ಚಪ್ಪಲಿಗಳನ್ನು ಪೂರ್ವಿಕರ ಕ್ಷಮೆ ಕೋರಿ ಹಾಕಿಕೊಂಡೆ. ಗುಡಿಸುತ್ತಿರುವಾಗ ಬಿಸ್ಕತ್ತು ಸೀಯುವ ವಾಸನೆ ಬಂತು. ಬಟ್ಟೆಯಿಲ್ಲದೆಯೇ ಹಿಡಿ ಎಳೆದು, ಇಕ್ಕಳದಲ್ಲಿ ತಟ್ಟೆ ಹೊರಗಿಟ್ಟೆ. ಏನೂ ಆಗಲಿಲ್ಲ. ನೆಲವನ್ನು ಒರೆಸಿ, ಚಪ್ಪಲಿ ಬಿಟ್ಟು, ಕಾಲು ತೊಳೆದು ಬಂದು ಓವನ್ನಿನ ಬಾಗಿಲು ಮುಚ್ಚಹೋದೆ. ಕಚ್ಚಿತು.

ಸ್ವಲ್ಪ ಹೊತ್ತು ನಿಂತೆ. ಚಪ್ಪಲಿ ಹಾಕಿಕೊಂಡು ಮುಟ್ಟಿದೆ, ಇಲ್ಲ. ಬಿಟ್ಟು ಮುಟ್ಟಿದೆ, ಇದೆ. ಮತ್ತೊಮ್ಮೆ. ಪೆಟ್ಟು ತಿಂದು ಇಷ್ಟು ಸಂತೋಷಪಟ್ಟವರು ಬನಶಂಕರಿಯಲ್ಲಿ ಬೇರೆ ಯಾರೂ ಇರಲಾರರು.

ನನ್ನ ಗಂಡ ವರಾಂಡದಲ್ಲಿ ಪೇಪರು ಓದುತ್ತಿದ್ದರು.

"ಕಾಲು ತೊಳ್ಕೊಂಡು ಬರಿಗಾಲಲ್ಲಿ ಬನ್ನಿ ಒಳಗೆ."

"ಯಾಕೆ? ಇವತ್ತು ಯಾರ ಶ್ರಾದ್ಧ?"

"ಅದು ಆಮೇಲೆ ಗೊತ್ತಾಗತ್ತೆ. ಬನ್ನಿ."

ಅವರು ಹಿಮ್ಮಡಿ ಊರದೆ, ಕುಂಟುತ್ತಾ, ಒದ್ದೆ ನೆಲದ ಮೇಲೆ ಬಂದು ನಿಂತರು. ಹಿಂಗೈಯಿಂದ ಮುಟ್ಟಿ ಎಂದೆ. ಮುಟ್ಟಿದರು. ಮುಖಕ್ಕೆ ಸುದ್ದಿ ಮುಟ್ಟುವ ಮೊದಲೇ ಕೈ ಹಿಂದಕ್ಕೆ ಬಂದಿತ್ತು. ಅವರು ಕೈಯನ್ನು ನೋಡಿದರು, ಓವನ್ನನ್ನು ನೋಡಿದರು, ನನ್ನನ್ನು ಬಿಟ್ಟು ಉಳಿದೆಲ್ಲವನ್ನೂ ನೋಡಿದರು.

"ಇದು ಕಚ್ಚತ್ತೆ ಕಣೇ," ಎಂದರು, ಹೊಸ ಸಮಾಚಾರ ತಂದವರಂತೆ.

"ಹೌದಾ?" ಎಂದೆ.

ಗೋಡೆಯ ಸ್ವಿಚ್ಚು ಆಫ್ ಮಾಡಿ ಎಲೆಕ್ಟ್ರಿಷಿಯನ್ನನ್ನು ಮತ್ತೆ ಕರೆಸಿದರು. ಈ ಸಲ ನಾನು ಮಣೆ ಹಾಕಲಿಲ್ಲ. ಸ್ವಿಚ್ಚು ಹಾಕಿಸಿ, ಬರಿಗಾಲನ್ನು ಒದ್ದೆ ನೆಲದ ಮೇಲಿಟ್ಟು ಅವರು ಟೆಸ್ಟರು ಮುಟ್ಟಿಸಿದಾಗ ಅದು ದೀಪಾವಳಿಯ ಹಾಗೆ ಬೆಳಗಿತು. ಅವರ ನಗುವೂ ಆರಿತು. ಓವನ್ನಿನ ಕಾಯಿಸುವ ಕಾಯಿಲ್ ಬಿರುಕು ಬಿಟ್ಟು ಅದರ ಮೈಗೆಲ್ಲ ಕರೆಂಟು ಸೋರುತ್ತಿತ್ತು. ಸೋರಿದ್ದನ್ನು ನೆಲಕ್ಕೆ ಒಯ್ಯಬೇಕಾದ ಅರ್ಥಿಂಗ್ ತಂತಿ ಸತ್ತಿತ್ತು. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ರಬ್ಬರಿನ ಮೇಲೆ, ಮರದ ಮೇಲೆ ಇದ್ದವರನ್ನು ಅದು ಮುಟ್ಟಲಿಲ್ಲ. ನೆಲ ಒಣಗಿದ್ದ ದಿನ ನನ್ನನ್ನೂ ಬಿಟ್ಟಿತ್ತು.

"ಆಂಟಿ, ಚಪ್ಪಲಿ ಹಾಕಿ ಬಿಟ್ಟು, ಹಾಕಿ ಬಿಟ್ಟು ನೋಡಿದ್ರಂತೆ. ಇನ್ನೊಂದ್ಸಲ ಆ ಕೆಲ್ಸ ಮಾಡ್ಬೇಡಿ. ಸ್ವಲ್ಪ ಜಾಸ್ತಿ ಸೋರಿದ್ರೆ ಹೇಳೋಕೆ ನೀವೇ ಇರ್ತಿರ್ಲಿಲ್ಲ."

"ಆಗ ಎಲ್ಲರೂ ನಂಬಿರೋರು," ಎಂದೆ.



ಅರ್ಥಿಂಗ್ ಸತ್ತದ್ದು ಹೇಗೆ ಎಂದು ಹುಡುಕುತ್ತಾ ಎಲೆಕ್ಟ್ರಿಷಿಯನ್ ಅಂಗಳಕ್ಕೆ ಹೋದರು. ಮನೆ ಕಟ್ಟಿಸುವಾಗ ಅಲ್ಲಿ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ ಒಂದು ಪೈಪು ನೆಟ್ಟಿದ್ದರು. ಆ ಗುಂಡಿ ಸದಾ ತೇವವಾಗಿರಬೇಕಂತೆ. ಅದನ್ನು ಕೇಳಿದಾಗ ನನಗೆ ಅತ್ತೆಯವರು ನೆನಪಾದರು. ಬೇಸಿಗೆಯಲ್ಲಿ ತುಳಸಿಗೆ ನೀರು ಹಾಕಿ, ಚೊಂಬಿನಲ್ಲಿ ಉಳಿದದ್ದನ್ನು ಅವರು ಆ ಪೈಪಿಗೆ ಹೊಯ್ಯುತ್ತಿದ್ದರು. ಮುದುಕಿ ಕಬ್ಬಿಣಕ್ಕೆ ಪೂಜೆ ಮಾಡುತ್ತಾರೆ ಎಂದು ಬಾಡಿಗೆಯವರ ಮಕ್ಕಳು ನಗುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ಕಾರು ನಿಲ್ಲಿಸಲು ಅಂಗಳಕ್ಕೆ ಸಿಮೆಂಟು ಹಾಕಿಸಿದೆವು. ಪೈಪಿನ ಬಾಯಿ ಕಾರಿನ ಹೊಟ್ಟೆಯ ಕೆಳಗೆ ಮುಚ್ಚಿಹೋಗಿತ್ತು.

ಸಿಮೆಂಟು ಒಡೆದು ಹೊಸ ಗುಂಡಿ ತೋಡಿಸಿದ್ದಾಯಿತು, ಓವನ್ನಿಗೆ ಹೊಸ ಕಾಯಿಲ್ ಬಂತು. ಎಳ್ಳಷ್ಟು ಕರೆಂಟು ಸೋರಿದರೂ ತಾನೇ ಬಿದ್ದು ಮನೆಯನ್ನೆಲ್ಲ ಕತ್ತಲು ಮಾಡುವ ಒಂದು ಸ್ವಿಚ್ಚು ಮೀಟರ್ ಬೋರ್ಡಿನಲ್ಲಿ ಕೂತಿತು. ಅಷ್ಟಾದರೂ ನನ್ನ ಗಂಡ ಈಗ ದಿನಾ ಬೆಳಿಗ್ಗೆ ನಾನು ಏಳುವ ಮೊದಲೇ ಚಪ್ಪಲಿ ಬಿಟ್ಟು, ಕಾಲು ತೊಳೆದು, ಕುಂಟುತ್ತಾ ಹೋಗಿ ಓವನ್ ಹಚ್ಚಿ, ಹಿಂಗೈಯಿಂದ ಮುಟ್ಟಿ, ಆರಿಸಿ ಬರುತ್ತಾರೆ. ಎಲೆಕ್ಟ್ರಿಷಿಯನ್ ಬೇಡವೆಂದರೂ ಕೇಳುವುದಿಲ್ಲ. ನಾನು ಮಲಗಿದಲ್ಲಿಂದಲೇ ಅವರ ಹೆಜ್ಜೆ ಕೇಳುತ್ತಾ, ನಿದ್ದೆ ಬಂದವಳಂತೆ ಇರುತ್ತೇನೆ.

ಮಗಳು ಫೋನು ಮಾಡಿದಳು. "ಸಾರಿ ಅಮ್ಮ. ಡಾಕ್ಟರ್ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡ್ಬಿಡ್ಲಾ?"

ನನ್ನ ಮೇಲಿನ ಆರೋಪಗಳನ್ನೆಲ್ಲ ಒಟ್ಟಿಗೆ ವಜಾ ಮಾಡಲಾಗಿತ್ತು. ಮನೆಯಲ್ಲಿ ಮೊದಲಿನ ಗಟ್ಟಿ ದನಿ ಮರಳಿತ್ತು. ಹಿಂದಿನ ದಿನವಷ್ಟೇ ಸಾರಿನ ಉಪ್ಪಿಗೆ ನನ್ನ ಗಂಡ ಬಾಯಿತುಂಬ ಬೈದು, ನನಗೆ ಹೊಟ್ಟೆ ತುಂಬಿತ್ತು. ಆದರೆ ರಿಮೋಟನ್ನು ಹುರುಳಿಕಾಯಿಯ ಪಕ್ಕದಲ್ಲಿಟ್ಟದ್ದು ಓವನ್ ಅಲ್ಲ. ಕರೆಂಟು ಸೋರಿ ರಿಮೋಟು ಫ್ರಿಜ್ಜಿಗೆ ಹೋಗುವುದಿಲ್ಲ. ಇಟ್ಟದ್ದು ನನಗೆ ನೆನಪೂ ಇಲ್ಲ.

"ಬೇಡ, ಇರಲಿ," ಎಂದೆ. "ಹೋಗಿ ಬರ್ತೀನಿ."



ಹೋಗುವ ದಿನ ಆಟೋ ಬಂದು ನಿಂತಿತ್ತು. ನನ್ನ ಗಂಡ ಬೀದಿಯ ಚಪ್ಪಲಿ ಮೆಟ್ಟಿಕೊಂಡು ಬೀಗ ಹಿಡಿದು ನಿಂತಿದ್ದರು.

"ಓವನ್ ಆಫ್ ಮಾಡಿದ್ಯೇನೇ?"

"ಮಾಡಿದೀನಿ. ನೋಡ್ಕೊಂಡೇ ಬಂದೆ."

ಅವರು ಒಂದು ಕ್ಷಣ ಬಾಗಿಲ ಕಡೆ ನೋಡಿದರು. ಆಮೇಲೆ ಬೀಗ ಹಾಕಿ, ಒಮ್ಮೆ ಎಳೆದು ನೋಡಿ, ಕೀಲಿಯನ್ನು ನನ್ನ ಕೈಗೆ ಕೊಟ್ಟರು.